'ಕೇಳ್ತೇನೆ' ಅನ್ನುವ ಊರಿಗೆ 'ಕೇಳ್ತೀನಿ' ತಂದ ಹಂಸಲೇಖ

ಪಣಂಬೂರು ಪಯಣಿಗ

ಮೊನ್ನೆ ಸ್ಟೇಟ್ ಬ್ಯಾಂಕ್‌ನಿಂದ ಉಡುಪಿ ಎಕ್ಸ್‌ಪ್ರೆಸ್ ಹತ್ತಿದ್ದೆ. ಕೊಟ್ಟಾರ ಚೌಕಿ ದಾಟುವಾಗ ಡ್ರೈವರು ಹಳೇ ಹಾಡು ಹಾಕಿದರು. 'ಚೆಲುವೆ ಒಂದು ಕೇಳ್ತೀನಿ.' ಕಂಡಕ್ಟರ್ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಟಿಕೆಟ್ ಕೊಡುತ್ತಾ ಪೂರ್ತಿ ಹಾಡು ಹಾಡಿಬಿಟ್ಟ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲು ಬಂದ ಹಾಡು ಅದು, 1987ರದ್ದು.

ಆಗ ಒಂದು ವಿಷಯ ಹೊಳೆಯಿತು. ನಮ್ಮ ಮನೆಯಲ್ಲಿ ತುಳು. ಕನ್ನಡ ಏನಿದ್ದರೂ ಶಾಲೆಯಲ್ಲಿ. ಅದೂ ಪುಸ್ತಕದ ಕನ್ನಡ. ನಾವು 'ಬರ್ತೇನೆ, ಹೋಗ್ತೇನೆ, ಕೇಳ್ತೇನೆ' ಅನ್ನುವವರು. ಬೆಂಗಳೂರಿಗೆ ಹೋದರೆ ಈಗಲೂ 'ನೀವು ಪಾಠ ಓದಿದ ಹಾಗೆ ಮಾತಾಡ್ತೀರಿ' ಅಂತ ನಗುತ್ತಾರೆ. ಆ ಹಾಡಿನ ಸಿನಿಮಾ 'ಪ್ರೇಮಲೋಕ' ಬರುವ ತನಕ 'ಕೇಳ್ತೀನಿ' ಅಂತ ನಮ್ಮ ಬಾಯಲ್ಲಿ ಬಂದದ್ದೇ ಇಲ್ಲ. ಆಮೇಲೆ ಹಾಡುವಾಗ 'ಕೇಳ್ತೀನಿ', ಮಾತಾಡುವಾಗ 'ಕೇಳ್ತೇನೆ'. ಎರಡೂ ಒಟ್ಟಿಗೆ ನಡೆಯಿತು. ನನ್ನ ಚಿಕ್ಕಪ್ಪನ ಮಗ ಒಮ್ಮೆ ಕ್ಲಾಸಿನಲ್ಲಿ ಎದ್ದು ನಿಂತು 'ಹೇಳ್ತೀನಿ ಸಾರ್' ಅಂದ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು, 'ಎಂತ ಮಾರಾಯ, ನಿನ್ನೆ ಸಿನಿಮಾಕ್ಕೆ ಹೋಗಿದ್ಯಾ?' ಅಂತ ಕೇಳಿದರು. ಹೋಗಿದ್ದ!

ನನ್ನ ವಾದ ಇಷ್ಟೇ. ಹಳೇ ಮೈಸೂರಿನ ಕಡೆಯ ಆಡುಮಾತನ್ನು ನಮ್ಮ ಕರಾವಳಿಯ ಬಾಯಿಗೆ ತಂದು ಇಟ್ಟವರು ಆ ಹಾಡು ಬರೆದು ಸಂಗೀತವನ್ನೂ ಮಾಡಿದ ಹಂಸಲೇಖ. ಭಾಷಣದಿಂದ ಅದು ಆಗುತ್ತಿರಲಿಲ್ಲ, ಪುಸ್ತಕದಿಂದಲೂ ಆಗುತ್ತಿರಲಿಲ್ಲ. ಮಾತೂ ಮಟ್ಟೂ ಒಂದೇ ತಲೆಯಿಂದ ಬಂದದ್ದಕ್ಕೆ ಆಯಿತು.

ಗೊತ್ತಿಲ್ಲದ ಚಿಕ್ಕವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1951ರ ಜೂನ್ 23ಕ್ಕೆ. ಮೊದಲ ಹೆಸರು ಗಂಗರಾಜು. ಅಣ್ಣನ ಆರ್ಕೆಸ್ಟ್ರಾದಲ್ಲಿ ಬೆಳೆದ ಹುಡುಗ. ಸಿನಿಮಾಕ್ಕೆ ಮೊದಲ ಹಾಡು ಬರೆದದ್ದು 1973ರಲ್ಲಿ, 'ತ್ರಿವೇಣಿ' ಚಿತ್ರಕ್ಕೆ. ಹಾಡು 'ನೀನಾ ಭಗವಂತ'. ಊರಿಡೀ ಹೆಸರು ಹೇಳುವ ಹಾಗೆ ಆದದ್ದು 1987ರಲ್ಲಿ, ರವಿಚಂದ್ರನ್ ಅವರ 'ಪ್ರೇಮಲೋಕ'ದಿಂದ. ನಡುವೆ ಲೆಕ್ಕ ಹಾಕಿ. ಹದಿನಾಲ್ಕು ವರ್ಷ! ಈಗಿನವರು ಎರಡು ರೀಲ್ಸ್ ಓಡದಿದ್ದರೆ ಊರು ಬಿಡುತ್ತಾರೆ. 'ಪ್ರೇಮಲೋಕ'ಕ್ಕೆ ಸಂಗೀತ, ಸಾಹಿತ್ಯ ಮಾತ್ರ ಅಲ್ಲ, ಸಂಭಾಷಣೆಯೂ ಅವರದ್ದೇ. ಹಾಡು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ್ದು ಅದಕ್ಕೇ ಇರಬೇಕು.

ನಿಮಗೆ ಹಂಸಲೇಖ ಅಂದರೆ ಯಾವ ಹಾಡು, ಯಾಕೆ? ಬರೆಯಿರಿ. ಸುಮ್ನೆ ಪಟ್ಟಿ ಹಾಕಬೇಡಿ.

ರಸಮಂಜರಿ ಕೀಬೋರ್ಡು

ಈ ವಿಷಯ ತೆಗೆದದ್ದು ಒಳ್ಳೆಯದಾಯಿತು. ನಾನು 90ರ ದಶಕದಲ್ಲಿ ಇಲ್ಲಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮೂಲ್ಕಿ, ಕಟಪಾಡಿ, ಬ್ರಹ್ಮಾವರ, ಕಾರ್ಕಳ. ಜಾತ್ರೆ, ಗಣೇಶೋತ್ಸವ, ಮದುವೆಯ ಹಿಂದಿನ ದಿನದ ರಸಮಂಜರಿ ಎಲ್ಲ ನುಡಿಸಿದ್ದೇನೆ. ಗದ್ದೆಯಲ್ಲಿ ಸ್ಟೇಜು. ಕರೆಂಟು ಹೋದರೆ ಜನರೇಟರಿನ ಶ್ರುತಿಯೇ ನಮ್ಮ ಶ್ರುತಿ.

ನುಡಿಸುವವನ ಕಡೆಯಿಂದ ಒಂದು ಮಾತು. ಬೇರೆ ಸಂಗೀತ ನಿರ್ದೇಶಕರ ಹಾಡನ್ನು ನಾವು ಮಟ್ಟು ಕೇಳಿ ಕಲಿಯುತ್ತಿದ್ದೆವು. ಮಾತು ಗಾಯಕನ ತಲೆನೋವು. ಹಂಸಲೇಖರ ಹಾಡು ಹಾಗೆ ಕಲಿಯಲಿಕ್ಕೆ ಬರುತ್ತಿರಲಿಲ್ಲ. ಮಾತು ಬಾಯಿಗೆ ಬಾರದೆ ತಾಳ ಕೈಗೆ ಕೂರುತ್ತಿರಲಿಲ್ಲ.

'ಪ್ರೇಮಲೋಕ'ದ ಆ ಬೈಕಿನ ಹಾಡನ್ನೇ ತೆಗೆದುಕೊಳ್ಳಿ. ಗಂಗು, ಬೈಕು, ನಂಗು. ಮೂರೂ ಒಂದೇ ತೂಕದ ಶಬ್ದ. ಒಂದು ಗುರು, ಒಂದು ಲಘು. ಮೊದಲ ಅಕ್ಷರಕ್ಕೆ ಒತ್ತು ಬೀಳುತ್ತದೆ, ಎರಡನೆಯದು ಜಾರುತ್ತದೆ. ಬೈಕಿಗೆ ಕಿಕ್ ಹೊಡೆದ ಹಾಗೆ. ಇಂಗ್ಲಿಷಿನ 'ಬೈಕ್' ಅನ್ನುವುದಕ್ಕೆ ಒಂದು 'ಉ' ಸೇರಿಸಿ ಅದನ್ನು ಗಂಗೂಗೂ ನಂಗೂಗೂ ನಡುವೆ ಕೂರಿಸಿದ್ದು ನೋಡಿ. ಮಟ್ಟು ಮೊದಲು ಮಾಡಿ ಬೇರೆಯವರ ಕೈಗೆ ಕೊಟ್ಟರೆ ಅವರು 'ತನನ'ಕ್ಕೆ ಶಬ್ದ ಹುಡುಕಬೇಕು. ಶಬ್ದ ಮೊದಲು ಕೊಟ್ಟರೆ ಸಂಗೀತದವನು ಎಳೆಯಬೇಕು, ಚುಟುಕು ಮಾಡಬೇಕು. ಇಲ್ಲಿ ಎರಡೂ ಪೆನ್ನು ಒಂದೇ ಕಿಸೆಯಲ್ಲಿ. ಮಟ್ಟಿಗೆ ಶಬ್ದ ಸರಿಯಾಗದಿದ್ದರೆ ಮಟ್ಟನ್ನೇ ಬದಲಿಸಬಹುದು. ಯಾರನ್ನೂ ಕೇಳಬೇಕಾಗಿಲ್ಲ.

ಒಮ್ಮೆ ಕಾಪು ಹತ್ತಿರ ಒಂದು ಕಾರ್ಯಕ್ರಮದಲ್ಲಿ ನಮ್ಮ ಗಾಯಕನಿಗೆ ಎರಡನೇ ಚರಣ ಮರೆತುಹೋಯಿತು. ತುಳುವಿನಲ್ಲಿ ಏನೋ ಹಾಕಿ ಹಾಡಿಬಿಟ್ಟ. ಜನ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಕೈ ತಪ್ಪಿತು. ಅಕ್ಷರ ಬದಲಾದದ್ದಕ್ಕೆ ಬೆರಳು ಎಲ್ಲಿ ಬೀಳಬೇಕು ಅಂತ ಗೊತ್ತಾಗಲಿಲ್ಲ. ಬೇರೆ ಯಾರ ಹಾಡಿನಲ್ಲೂ ನನಗೆ ಹಾಗೆ ಆಗಿರಲಿಲ್ಲ.

ಮಲ್ಪೆ ಗಾಳಿ

ಹಂಸಲೇಖ ಅಂದರೆ ನನಗೆ 'ಮಣಿ ಮಣಿ ಮಣಿಗೊಂದು ದಾರ'. ಕೇಳಿದರೆ ಈಗಲೂ ಕಣ್ಣು ಒದ್ದೆ.

ರಸಮಂಜರಿ ಕೀಬೋರ್ಡು

ಅದು ಅವರದ್ದಲ್ಲ ಮಾರಾಯ್ರೆ! 'ಜನುಮದ ಜೋಡಿ', 1996. ವಿ. ಮನೋಹರ್ ಸಂಗೀತ. ನಮ್ಮ ದಕ್ಷಿಣ ಕನ್ನಡದವರೇ. ಅವರೂ ಬರೆಯುತ್ತಾರೆ, ಮಟ್ಟೂ ಹಾಕುತ್ತಾರೆ. ಹಾಗಾಗಿ ನಿಮಗೆ ಗೊಂದಲ ಆದದ್ದು ತಪ್ಪಲ್ಲ.

ಮಲ್ಪೆ ಗಾಳಿ

ಅಯ್ಯೋ. ಇಪ್ಪತ್ತೈದು ವರ್ಷದಿಂದ ತಪ್ಪು ಹೆಸರಿಗೆ ಅಳುತ್ತಿದ್ದೆ ಅಂತ ಆಯಿತು.

ಚೆಂಡೆ ಪೆಟ್ಟು

ಪಯಣಿಗರ ವಾದ ಅರ್ಧ ಸರಿ. ಆಡುಮಾತು ನಮಗೆ ಹೊಸತು, ನಿಜ. ಆದರೆ ಹಾಡಿನ ಕಟ್ಟು ಹೊಸತಲ್ಲ. ಅದು ನಮ್ಮ ಕಿವಿಗೆ ಮೊದಲೇ ಗೊತ್ತಿತ್ತು. ಆಟದಿಂದ, ಅಂದರೆ ಯಕ್ಷಗಾನದಿಂದ.

ಯಕ್ಷಗಾನದ ಪದಗಳಲ್ಲಿ ಆದಿಪ್ರಾಸ ಬಿಡುವುದಿಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು. ರಾತ್ರಿಯಿಡೀ ಗದ್ದೆಯಲ್ಲಿ ಚಾಪೆ ಹಾಕಿ ಕೂತು ಅದನ್ನೇ ಕೇಳಿ ಬೆಳೆದ ಕಿವಿ ನಮ್ಮದು. ಈಗ 'ಆಕಸ್ಮಿಕ'ದ ಹಾಡು ನೋಡಿ, 1993ರದ್ದು, ಡಾ. ರಾಜ್ ಹಾಡಿದ್ದು. ಒಂದು ಸಾಲು 'ಹುಟ್ಟಿದರೆ' ಅಂತ ಶುರು, ಮುಂದಿನದು 'ಮೆಟ್ಟಿದರೆ' ಅಂತ. ಟ್ಟ, ಟ್ಟ. ಇದು ಅಪ್ಪಟ ಆದಿಪ್ರಾಸ. ಆಟದಲ್ಲಿ ಹಾಡುವ ಭಾಗವತರು ಏರುಪದ ಎತ್ತಿದ ಹಾಗೆ. ರಾಜ್ಯೋತ್ಸವಕ್ಕೆ ಮೈಕಿನಲ್ಲಿ ಅದನ್ನು ಹಾಕಿದರೆ ಕನ್ನಡ ಸರಿಯಾಗಿ ಬಾರದವರೂ ಸಾಲು ಹಿಡಿದು ಹಾಡುತ್ತಾರೆ. ಯಾಕೆ? ಒಂದು ಸಾಲಿನ 'ಟ್ಟ' ಮುಂದಿನ ಸಾಲನ್ನು ತಾನೇ ಎಳೆದು ತರುತ್ತದೆ.

ಇದರಲ್ಲಿ ಒಂದು ತಮಾಷೆ ಉಂಟು. ಆ ಪ್ರಾಸದ ಕಟ್ಟುಪಾಡು ಬೇಡ ಅಂತ 1911ರಲ್ಲೇ ಬಿಟ್ಟವರು ಯಾರು? ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಪ್ರಾಸ ಬಿಟ್ಟು ಬರೆದದ್ದಕ್ಕೆ ಅವರು ಬೈಗಳೂ ತಿಂದರು. ಕರಾವಳಿಯ ಕವಿ ಬಾಗಿಲಿನಿಂದ ಹೊರಗೆ ಹಾಕಿದ ಪ್ರಾಸ ಸಿನಿಮಾ ಹಾಡಿನ ಕಿಟಕಿಯಲ್ಲಿ ತಿರುಗಿ ಒಳಗೆ ಬಂತು, ಜೀನ್ಸ್ ಹಾಕಿಕೊಂಡು.

ಇನ್ನೊಂದು. ಮಾತು, ಮಟ್ಟು ಎರಡೂ ಒಬ್ಬರದ್ದೇ ಆದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇತ್ತು. ಗುಂಡ್ಮಿ ಕಾಳಿಂಗ ನಾವಡರು. ಭಾಗವತರು, 'ನಾಗಶ್ರೀ' ಪ್ರಸಂಗ ಬರೆದವರೂ ಅವರೇ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಅವರ ಪದಗಳ ಕ್ಯಾಸೆಟ್ಟಿಗೆ ಇದ್ದ ಹುಚ್ಚು ಸಿನಿಮಾದ ಹುಚ್ಚಿಗಿಂತ ಕಡಿಮೆ ಇರಲಿಲ್ಲ. 1990ರಲ್ಲಿ ಅಪಘಾತದಲ್ಲಿ ಹೋದರು. ಪ್ರೇಮಲೋಕದ ಕ್ಯಾಸೆಟ್ಟೂ ನಾವಡರ ಕ್ಯಾಸೆಟ್ಟೂ ನಮ್ಮ ಮನೆಯಲ್ಲಿ ಒಂದೇ ಬಿಸ್ಕೆಟ್ ಡಬ್ಬದಲ್ಲಿ ಇರುತ್ತಿದ್ದವು. ಅಜ್ಜನಿಗೆ ಇದು ಸಹಿಸಲಿಕ್ಕೆ ಆಗುತ್ತಿರಲಿಲ್ಲ.

ಕುಂದಾಪುರದ ಟೀಚರ್

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಹುಳಿ ಹಿಂಡುತ್ತೇನೆ.

1988ರಲ್ಲಿ ನಾನು ಪಿಯುಸಿ. ಬಸ್ಸು ಇಳಿದು ಕಾಲೇಜಿಗೆ ಒಂದು ಕಿಲೋಮೀಟರ್ ನಡೆಯಬೇಕಿತ್ತು. ದಾರಿಯಲ್ಲಿ ಒಂದು ಸೈಕಲ್ ಅಂಗಡಿ. ಅಲ್ಲಿ ಕೂತ ಹುಡುಗರು ನಾವು ಹೋಗುವಾಗ 'ನಿಂಬೆ ಹಣ್ಣಿನಂಥ ಹುಡುಗಿ' ಶುರು ಮಾಡುತ್ತಿದ್ದರು. ದಿನಾ. ಎರಡು ವರ್ಷ. ಹಾಡು ಚೆನ್ನಾಗಿದೆ ಅಂತ ನೀವು ಹೇಳುವಾಗ ನನಗೆ ಆ ಸೈಕಲ್ ಅಂಗಡಿಯೇ ನೆನಪಾಗುತ್ತದೆ. ಹಾಡು ಬರೆದವರ ತಪ್ಪಲ್ಲ ಅನ್ನಬಹುದು. ಆದರೆ ಹೆಣ್ಣನ್ನು ಹಣ್ಣು ಮಾಡಿದ್ದು ಯಾರು? ಆಮೇಲೆ ಬಂದ ಕೆಲವು ಹಾಡುಗಳಲ್ಲಿ ಎರಡರ್ಥ ಇನ್ನೂ ಜಾಸ್ತಿಯಾಯಿತು. ನಾನು ಅವುಗಳ ಹೆಸರು ಹೇಳುವುದಿಲ್ಲ. ನಿಮಗೆಲ್ಲ ಗೊತ್ತು.

ಅದಕ್ಕಿಂತ ಮೊದಲು ಚಿ. ಉದಯಶಂಕರ್ ಬರೆಯುತ್ತಿದ್ದರಲ್ಲ, ಅದೂ ಸರಳವೇ. ಯಾರಿಗೂ ಮುಜುಗರ ಇರಲಿಲ್ಲ.

ಹಾಗಂತ ಹಂಸಲೇಖರಿಗೆ ಓದು ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಚೆಂಡೆ ಪೆಟ್ಟು ಹೇಳಿದ ಅದೇ ಹಾಡಿನಲ್ಲಿ ಜಟಕಾ ಬಂಡಿ ಬರುತ್ತದೆ. ಅದು ಡಿವಿಜಿಯವರ ಕಗ್ಗದ ಬಂಡಿ. 'ಬದುಕು ಜಟಕಾಬಂಡಿ' ಅಂತ ಡಿವಿಜಿ 1943ರಲ್ಲೇ ಬರೆದಿದ್ದರು. ಅದನ್ನು ತಂದು ಸಿನಿಮಾದ ಕುದುರೆಗಾಡಿಗೆ ಕಟ್ಟಿದರು. ಚಿತ್ರದಲ್ಲಿ ನಿಜವಾದ ಗಾಡಿಯೇ ಓಡುತ್ತದೆ, ತಾಳವೂ ಕುದುರೆಯ ಕಾಲಿನದ್ದು. ಕಗ್ಗ ಓದದ ಮಕ್ಕಳಿಗೆ ನಾನು ಇದೇ ಹಾಡು ಹೇಳಿ ಕಗ್ಗ ಶುರು ಮಾಡುತ್ತೇನೆ. ಹಿಡಿಯುತ್ತದೆ. ಇಷ್ಟು ತಿಳಿದವರು ಆ ಇನ್ನೊಂದು ತರಹದ್ದನ್ನು ಯಾಕೆ ಬರೆದರು ಅನ್ನುವುದೇ ನನ್ನ ಸಿಟ್ಟು.

ಪಣಂಬೂರು ಪಯಣಿಗ

ಟೀಚರ್, ನಿಮ್ಮ ಸೈಕಲ್ ಅಂಗಡಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಕಾಲಕ್ಕೆ ನಾನು ಅಂಗಡಿಯ ಒಳಗೆ ಕೂತವನು, ಹೊರಗೆ ನಡೆದವನಲ್ಲ. ಅದು ನಿಜ.

ಒಂದು ಮಾತ್ರ. 1989ರಿಂದ 1997ರ ತನಕ ಅವರು ಎಷ್ಟು ಚಿತ್ರ ಮಾಡಿದ್ದಾರೆ ನೋಡಿ. 'ರಣಧೀರ', 'ಅಂಜದ ಗಂಡು' ಆದ ಮೇಲೆ ಉಸಿರು ಬಿಡಲಿಕ್ಕೆ ಸಮಯ ಇರಲಿಲ್ಲ. ಒಟ್ಟು ಲೆಕ್ಕ ಮುನ್ನೂರರ ಹತ್ತಿರ ಅನ್ನುತ್ತಾರೆ. ಅಷ್ಟಕ್ಕೂ ಮಟ್ಟು ಅವರದ್ದು, ಹೆಚ್ಚಿನವಕ್ಕೆ ಮಾತೂ ಅವರದ್ದೇ. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಬುಟ್ಟಿ ಬಂದಾಗ ಎಲ್ಲ ಅಂಜಲ್ ಇರುವುದಿಲ್ಲ, ಅಲ್ವಾ? ಬೂತಾಯಿಯೂ ಇರುತ್ತದೆ, ಸ್ವಲ್ಪ ಹಾಳಾದದ್ದೂ ಇರುತ್ತದೆ.

ಮಲ್ಪೆ ಗಾಳಿ

ಬೂತಾಯಿಗೆ ಏನಾಗಿದೆ? ಬೂತಾಯಿ ಪುಳಿಮುಂಚಿ ತಿಂದು ಆಮೇಲೆ ಮಾತಾಡಿ.

ಹಂಪನಕಟ್ಟೆ ಹಳಬ

ರವಿಚಂದ್ರನ್ ಚಿತ್ರಗಳನ್ನೇ ಹಿಡಿದು ಕೂತರೆ ಅರ್ಧ ಹಂಸಲೇಖ ಮಾತ್ರ ಸಿಗುತ್ತಾರೆ. ನನ್ನ ಮಟ್ಟಿಗೆ ಅವರು ಅಂದರೆ 'ಮುತ್ತಿನ ಹಾರ', 1990. ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ಕೊಡಗಿನ ಸೈನಿಕನ ಕತೆ. 'ದೇವರು ಹೊಸೆದ ಪ್ರೇಮದ ದಾರ' ಹಾಡಿಸಿದ್ದು ಯಾರಿಂದ? ಬಾಲಮುರಳಿಕೃಷ್ಣರಿಂದ! ಪ್ರೇಮಲೋಕ ಬಂದು ಮೂರು ವರ್ಷ ಆಗಿತ್ತಷ್ಟೆ. ಬೈಕು, ಸ್ಟೂಡೆಂಟು ಅಂತ ಬರೆಯುತ್ತಿದ್ದವರು ಕರ್ನಾಟಕ ಸಂಗೀತದ ಅಷ್ಟು ದೊಡ್ಡ ವಿದ್ವಾಂಸರನ್ನು ಕರೆತಂದು ಹಾಡಿಸಿದರು. ಶಬ್ದ ನೋಡಿ, 'ಹೊಸೆದ'. ನಮ್ಮಲ್ಲಿ ಹಗ್ಗ ಹೊಸೆಯುತ್ತಾರೆ, ಬತ್ತಿ ಹೊಸೆಯುತ್ತಾರೆ. ಅಂಗೈಯಲ್ಲಿ ಮಾಡುವ ಕೆಲಸ. ಪ್ರೇಮಕ್ಕೆ ಆ ಶಬ್ದ ಹಾಕಬೇಕಾದರೆ ಅಜ್ಜಿ ದೇವರ ಮುಂದೆ ಕೂತು ಬತ್ತಿ ಹೊಸೆಯುವುದನ್ನು ನೋಡಿರಬೇಕು.

ಇನ್ನೊಂದು ಮಾತು. ಎಲ್ಲ ಕಡೆ ಇಂಗ್ಲಿಷ್ ತುರುಕಿದರು ಅನ್ನುವ ದೂರು ಹಳತು. 'ಬೆಳ್ಳಿ ಕಾಲುಂಗುರ' (1992) ಕೇಳಿ. 'ಕೇಳಿಸದೆ ಕಲ್ಲು ಕಲ್ಲಿನಲಿ' ಹಾಡಿನಲ್ಲಿ ಕ, ಲ ಎರಡು ಅಕ್ಷರ ಇಟ್ಟುಕೊಂಡು ಉಳಿಯ ಸದ್ದು ಹುಟ್ಟಿಸುತ್ತಾರೆ. ನಾನು ಹಂಪಿಗೆ ಹೋಗಿದ್ದಾಗ ಗೈಡ್ ಇದನ್ನೇ ಗುನುಗುತ್ತಿದ್ದ.

ರಸಮಂಜರಿ ಕೀಬೋರ್ಡು

ಹಳಬರೇ, ಸರಿಯಾದ ಕಡೆ ಮುಟ್ಟಿದಿರಿ. ನನಗೆ ಇನ್ನೂ ಹೆಚ್ಚು ಅನ್ನಿಸುವುದು ರೀಮೇಕ್ ವಿಷಯ. 'ಹಳ್ಳಿ ಮೇಷ್ಟ್ರು' (1992), 'ರಾಮಾಚಾರಿ' (1991). ಎರಡೂ ತಮಿಳಿನಿಂದ ಬಂದ ಕತೆ. ಎರಡಕ್ಕೂ ಮೂಲದಲ್ಲಿ ಇಳಯರಾಜಾ ಸಂಗೀತ. ಅಲ್ಲಿ ಮನೆ ಮನೆಯಲ್ಲಿ ಗೊತ್ತಿದ್ದ ಹಾಡುಗಳು. ನಿರ್ಮಾಪಕರ ಲೆಕ್ಕದಲ್ಲಿ ಸುಲಭದ ದಾರಿ ಯಾವುದು? ಅದೇ ಮಟ್ಟಿಗೆ ಕನ್ನಡದ ಮಾತು ಹಾಕಿಸಿದರೆ ಮುಗಿಯಿತು. ಇವರು ಕನ್ನಡಕ್ಕೆ ಬೇರೆಯೇ ಹಾಡು ಕಟ್ಟಿದರು. ಇಳಯರಾಜಾ ಎದುರು ನಿಲ್ಲುವುದು ಅಂದರೆ ಸಣ್ಣ ಧೈರ್ಯ ಅಲ್ಲ. ನಾನು ಸ್ಟೇಜಿನಲ್ಲಿ ಎರಡೂ ಭಾಷೆಯ ಹಾಡು ನುಡಿಸಿದವನು. 'ರಾಮಾಚಾರಿ ಹಾಡುವ ಲಾಲಿ ಹಾಡ' ಶುರು ಮಾಡಿದರೆ ಮುಂದೆ ಕೂತ ತಾಯಂದಿರು ಮಕ್ಕಳನ್ನು ತಟ್ಟಲಿಕ್ಕೆ ಶುರು ಮಾಡುತ್ತಿದ್ದರು. ಮೂಲ ಯಾವುದು ಅಂತ ಯಾರೂ ಕೇಳಲಿಲ್ಲ.

ಬಿಕರ್ನಕಟ್ಟೆ ಹುಡುಗಿ

ನನಗೆ ಇಪ್ಪತ್ತೆರಡು. ಬೈಯಬೇಡಿ. ನಾನು ಅವರನ್ನು ಮೊದಲು ನೋಡಿದ್ದು ಟಿವಿಯಲ್ಲಿ, ಸರಿಗಮಪದ 'ಮಹಾಗುರು' ಅಂತ. ಮಕ್ಕಳು ಹಾಡಿ ಮುಗಿಸಿದ ಮೇಲೆ ಅವರು ಹಾಡಿನ ಒಂದು ಶಬ್ದ ಹಿಡಿದು ಮಾತಾಡುತ್ತಾರೆ. ರಾಗದ ಬಗ್ಗೆ ಕಡಿಮೆ, ಶಬ್ದದ ಬಗ್ಗೆ ಜಾಸ್ತಿ. ಅಮ್ಮ, 'ಇವರೇ ಆ ಎಲ್ಲ ಹಾಡು ಬರೆದದ್ದು' ಅಂದಾಗ ನಂಬಲಿಲ್ಲ. ನಾನು ಅವರನ್ನು ಸಂಗೀತದ ಮೇಷ್ಟ್ರು ಅಂದುಕೊಂಡಿದ್ದೆ.

ನನ್ನ ಇಷ್ಟದ ಹಾಡು 'ನೆನಪಿರಲಿ'ಯ 'ಕೂರಕ್ಕೆ ಕುಕ್ಕರಹಳ್ಳಿ ಕೆರೆ'. 2005ರ ಚಿತ್ರ. ಮೈಸೂರಿನ ಜಾಗಗಳನ್ನೇ ಹಾಡು ಮಾಡಿದ್ದಾರೆ. 'ಕೂರಕ್ಕೆ' ಅನ್ನುವುದೂ ಅವರ ಕಡೆಯ ಮಾತು. ನಾವಾದರೆ 'ಕೂರಲಿಕ್ಕೆ' ಅನ್ನುತ್ತೇವೆ. 'ಕೂರಲಿಕ್ಕೆ ಕದ್ರಿ ಕೆರೆ' ಅಂತ ಹಾಡಿ ನೋಡಿದೆ. ಕೂರುವುದಿಲ್ಲ!

ರಸಮಂಜರಿ ಕೀಬೋರ್ಡು

ಹ್ಹ ಹ್ಹ. ಕೂರುವುದಿಲ್ಲ, ಯಾಕೆಂದರೆ 'ಲಿ' ಒಂದು ಜಾಸ್ತಿ ಆಯಿತು. ಕರಾವಳಿಯವರ ಕಷ್ಟವೇ ಅದು. ನಮ್ಮ ಎಲ್ಲ ಶಬ್ದದಲ್ಲೂ ಒಂದು ಅಕ್ಷರ ಜಾಸ್ತಿ. ಹಾಡು ಬರೆಯುವುದಕ್ಕೆ ಕೂತರೆ ಗೊತ್ತಾಗುತ್ತದೆ.

ಚೆಂಡೆ ಪೆಟ್ಟು

ಕೀಬೋರ್ಡು ಹೇಳಿದ್ದನ್ನು ಒಪ್ಪುವುದಿಲ್ಲ. ಆಟದ ಪದಗಳಲ್ಲಿ ನಮ್ಮ ಉದ್ದ ಶಬ್ದಗಳು ಚೆನ್ನಾಗಿಯೇ ಕೂತಿವೆ. ಕಟ್ಟುವವನಿಗೆ ಕೈ ಬೇಕು ಅಷ್ಟೆ.

ಪಣಂಬೂರು ಪಯಣಿಗ

ನಮ್ಮ ಕಡೆಯವರ ಹಾಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 1998ರಲ್ಲಿ 'ಎ' ಸಿನಿಮಾ ಬಂತು. ಸಂಗೀತ ಗುರುಕಿರಣ್, ನಮ್ಮ ಮಂಗಳೂರಿನವರು. ಅಲ್ಲಿಗೆ ಕನ್ನಡದ ಹಾಡಿನ ಸದ್ದೇ ಬದಲಾಯಿತು. ಅದೇ ವರ್ಷ ಹಂಸಲೇಖ ಮತ್ತು ರವಿಚಂದ್ರನ್ 'ಪ್ರೀತ್ಸೋದ್ ತಪ್ಪಾ' ಮಾಡಿದ್ದರು. ಚಿತ್ರದ ಹೆಸರೇ ನೋಡಿ. ಪುಸ್ತಕದಲ್ಲಿ ಎಲ್ಲೂ ಸಿಗದ ಕನ್ನಡ. 'ಸೋನೆ ಸೋನೆ' ಹಾಡಿ ಹೇಮಂತ್ ಹೆಸರಾದದ್ದು ಅದರಲ್ಲೇ. ಆಮೇಲೆ ಆ ಜೋಡಿ ಮುರಿಯಿತು. 2002ರ 'ಏಕಾಂಗಿ'ಗೆ ರವಿಚಂದ್ರನ್ ತಾವೇ ಸಂಗೀತ ಮಾಡಿದರು. ಯಾಕೆ ಮುರಿಯಿತು ಅಂತ ಸಾವಿರ ಕತೆ ಇವೆ, ಅದು ನಮಗೆ ಬೇಡ. ಕೇಳುವವರಿಗೆ ಮನೆಯಲ್ಲಿ ಅಣ್ಣ ತಮ್ಮ ಪಾಲು ಮಾಡಿಕೊಂಡ ಹಾಗೆ ಆಯಿತು.

ಹಂಸಲೇಖರ ಗರಡಿಯಿಂದ ಬಂದವರನ್ನೂ ನೆನೆಯಬೇಕು. ಸಂಗೀತ ನಿರ್ದೇಶಕ ವಿ. ಹರಿಕೃಷ್ಣ, ಅವರ ತಂಡದಲ್ಲೇ ಇದ್ದವರು.

ಹಂಪನಕಟ್ಟೆ ಹಳಬ

ರಾಷ್ಟ್ರಪ್ರಶಸ್ತಿಯ ಮಾತು ಯಾರೂ ಎತ್ತಲಿಲ್ಲವಲ್ಲ. 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರಕ್ಕೆ. 1995ನೇ ಸಾಲಿನದ್ದು. ಅದೇ ಚಿತ್ರಕ್ಕೆ ಎಸ್ಪಿಬಿಯವರಿಗೂ ಗಾಯಕ ಪ್ರಶಸ್ತಿ. ಗದಗಿನ ಕುರುಡು ಗವಾಯಿಗಳ ಜೀವನ, ಹಿಂದೂಸ್ತಾನಿ ಸಂಗೀತ. 'ಬೈಕು ಹಾಡಿನವರು' ಅಂತ ಮೂಗು ಮುರಿಯುತ್ತಿದ್ದವರು ಆಮೇಲೆ ಸ್ವಲ್ಪ ಸುಮ್ಮನಾದರು. ಎಲ್ಲರೂ ಅಲ್ಲ.

ಮಲ್ಪೆ ಗಾಳಿ

ಒಂದು ಮಾತು ಯಾರೂ ಎತ್ತುತ್ತಿಲ್ಲ, ಹಾಗಾಗಿ ನಾನೇ ಎತ್ತುತ್ತೇನೆ. ಉಡುಪಿಯಲ್ಲಿ ಕೂತು ಹಂಸಲೇಖರ ಬಗ್ಗೆ ಮಾತಾಡುವಾಗ 2021ರ ನವೆಂಬರ್ ಬಿಟ್ಟು ಮಾತಾಡಿದರೆ ನಾಟಕ ಆಗುತ್ತದೆ. ಮೈಸೂರಿನ ಒಂದು ಸಮಾರಂಭದಲ್ಲಿ ಅವರು ಪೇಜಾವರ ವಿಶ್ವೇಶತೀರ್ಥರು ದಲಿತರ ಮನೆಗೆ ಹೋದ ಬಗ್ಗೆ ಆಡಿದ ಮಾತು ಇಲ್ಲಿ ತುಂಬಾ ಜನರಿಗೆ ನೋವು ಮಾಡಿತು. ಸ್ವಾಮೀಜಿ ತೀರಿಹೋಗಿ ಎರಡು ವರ್ಷವೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಒಂದು ತಿಂಗಳು ಅವರ ಹಾಡು ಬಂದರೆ ರೇಡಿಯೋ ಬಂದ್ ಮಾಡುತ್ತಿದ್ದರು.

ಕುಂದಾಪುರದ ಟೀಚರ್

ಅವರು ವಿಡಿಯೋ ಮಾಡಿ ಕ್ಷಮೆ ಕೇಳಿದರು. ಅವರು ಹೇಳಿದ್ದರಲ್ಲಿ ಕೇಳಬೇಕಾದ ಪ್ರಶ್ನೆ ಇದೆ ಅಂದವರೂ ಇದ್ದಾರೆ, ನಮ್ಮ ಊರಿನಲ್ಲೇ. ನನ್ನ ಸ್ಟಾಫ್ ರೂಮು ಎರಡು ಪಾಲಾಗಿತ್ತು. ಮಧ್ಯಾಹ್ನದ ಊಟದ ಡಬ್ಬ ಕೂಡ ಬೇರೆ ಬೇರೆ ಮೇಜಿಗೆ ಹೋಯಿತು.

ನಿರ್ವಾಹಕ

ಈ ವಿಷಯ ಇಲ್ಲಿಗೆ ಸಾಕು. ಎರಡೂ ಕಡೆಯವರು ಹೇಳಿ ಆಯಿತು. ಹಾಡಿಗೆ ವಾಪಸ್ ಬನ್ನಿ.

ಮಲ್ಪೆ ಗಾಳಿ

ಬಂದೆ. ಅಪ್ಪನ ಆ ಒಂದು ತಿಂಗಳು ಹೇಗೆ ಮುಗಿಯಿತು ಗೊತ್ತಾ? ರಾಜ್‌ಕುಮಾರ್ ಹಾಡು. 'ಆಗುಂಬೆಯ ಪ್ರೇಮ ಸಂಜೆಯ.' ಅದೂ 'ಆಕಸ್ಮಿಕ'ದ್ದೇ. ಬಂದ್ ಮಾಡಲು ಎದ್ದರು, ಹಾಗೇ ನಿಂತರು, ಮತ್ತೆ ಕೂತರು. ಅಪ್ಪ ಅಮ್ಮನನ್ನು ಮದುವೆಯಾದ ಹೊಸತರಲ್ಲಿ ಹೆಬ್ರಿ ದಾಟಿ ಘಾಟಿ ಹತ್ತಿ ಕರೆದುಕೊಂಡು ಹೋದದ್ದು ಅಲ್ಲಿಗೇ.

ಚೆಂಡೆ ಪೆಟ್ಟು

ಆ ಹಾಡಿನ ಬಗ್ಗೆ ನನ್ನದೊಂದು ಹಕ್ಕು ಸಾಧನೆ ಉಂಟು. ಆಗುಂಬೆ ಶಿವಮೊಗ್ಗ ಜಿಲ್ಲೆ, ಒಪ್ಪುತ್ತೇನೆ. ಆದರೆ ಸೂರ್ಯ ಮುಳುಗುವುದು ಎಲ್ಲಿ? ನಮ್ಮ ಕಡಲಿಗೆ! ಹದಿನಾಲ್ಕು ತಿರುವು ಹತ್ತಿ ಹೋಗಿ ಅಲ್ಲಿಂದ ಜನ ನೋಡುವುದು ನಮ್ಮ ಉಡುಪಿ ಕಡೆಯನ್ನು. ಹಾಗಾಗಿ ಹಾಡಿನ ಅರ್ಧ ನಮ್ಮದು.

ಬಿಕರ್ನಕಟ್ಟೆ ಹುಡುಗಿ

ನಾನು ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಮಂಜು, ಮಳೆ. ಸೂರ್ಯ ಹಾಡಿನಲ್ಲಿ ಮಾತ್ರ ಕಂಡದ್ದು.

ಕುಂದಾಪುರದ ಟೀಚರ್

ಇದು ಒಪ್ಪಿಕೊಳ್ಳುವ ಹಾಡು. ಇದರಲ್ಲಿ ಹಣ್ಣೂ ಇಲ್ಲ, ಸೈಕಲ್ ಅಂಗಡಿಯೂ ಇಲ್ಲ. 'ಪ್ರೇಮ ಸಂಜೆ' ಅನ್ನುವ ಜೋಡಿಪದ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಈಗ ಮದುವೆ ಕಾಗ್ರದಲ್ಲಿ, ಹೋಂಸ್ಟೇ ಬೋರ್ಡಿನಲ್ಲಿ ಎಲ್ಲ ಕಡೆ ಉಂಟು.

ಪಣಂಬೂರು ಪಯಣಿಗ

ಮದುವೆ 'ಕಾಗ್ರ' ಅಲ್ಲ ಟೀಚರ್, ಕಾಗದ! ನೀವೇ ತಪ್ಪು ಬರೆದರೆ ಹೇಗೆ?

ಕುಂದಾಪುರದ ಟೀಚರ್

ಮೊಬೈಲ್ ಮಾರಾಯ್ರೆ. ನನ್ನ ಕೈಯಲ್ಲ.

ಹಂಪನಕಟ್ಟೆ ಹಳಬ

ಡಾ. ರಾಜ್ ಜೊತೆ ಅವರ ಲೆಕ್ಕ ಉದ್ದ ಉಂಟು. 1989ರ 'ಪರಶುರಾಮ್'ನಿಂದ 2000ದ 'ಶಬ್ದವೇಧಿ' ತನಕ. ಅದು ರಾಜ್ ಅವರ ಕೊನೆಯ ಚಿತ್ರ. ಅರವತ್ತು ದಾಟಿದ ನಟನಿಗೆ ಪ್ರೇಮಗೀತೆ ಬರೆಯುವುದು ಸುಲಭ ಅಲ್ಲ. ರವಿಚಂದ್ರನ್‌ಗೆ ಬರೆದ ಹಾಗೆ ಬರೆದರೆ ಜನ ನಗುತ್ತಾರೆ, ಭಕ್ತಿಗೀತೆ ಮಾಡಿದರೆ ನಿದ್ದೆ ಮಾಡುತ್ತಾರೆ. ಅದಕ್ಕೇ ಸಂಜೆ ತಂದರು ಅಂತ ನನ್ನ ಊಹೆ. ಪ್ರಾಯಕ್ಕೂ ಸರಿ, ಪ್ರೇಮಕ್ಕೂ ಸರಿ. 2023ರ ಮೈಸೂರು ದಸರಾ ಉದ್ಘಾಟನೆಗೆ ಅವರನ್ನೇ ಕರೆದರಲ್ಲ, ಟಿವಿಯಲ್ಲಿ ನೋಡುವಾಗ ನನಗೆ ಇದೇ ಹಾಡು ನೆನಪಾಯಿತು. ಯಾಕೋ ಗೊತ್ತಿಲ್ಲ.

ರಸಮಂಜರಿ ಕೀಬೋರ್ಡು

ಪಯಣಿಗರೇ, ನಿಮ್ಮ ಮೊದಲ ಮಾತಿಗೆ ಬರುತ್ತೇನೆ. ಆ ಕಂಡಕ್ಟರ್ ಹುಡುಗ ಹಾಡಿದ ಅಂದಿರಲ್ಲ. ಅವನು ಮಾತಾಡುವಾಗ ಏನು ಹೇಳುತ್ತಾನೆ? ಕೇಳ್ತೇನೆಯಾ, ಕೇಳ್ತೀನಿಯಾ? ನಿಮ್ಮ ವಾದ ನಿಲ್ಲಬೇಕಾದರೆ ಅದು ಗೊತ್ತಾಗಬೇಕಲ್ಲ.

ಪಣಂಬೂರು ಪಯಣಿಗ

ನಿಮ್ಮ ಪ್ರಶ್ನೆ ನೋಡಿ ತಲೆಕೆಟ್ಟು ನಿನ್ನೆ ಅದೇ ಹೊತ್ತಿನ ಬಸ್ಸು ಹತ್ತಿದೆ. ಅದೇ ಹುಡುಗ. ಸುರತ್ಕಲ್ ದಾಟಿದ ಮೇಲೆ ರಶ್ ಕಡಿಮೆ ಆಯಿತು. ಪಕ್ಕದ ಸೀಟಿನಲ್ಲಿ ಬಂದು ಕೂತ. ತುಳುವಿನಲ್ಲಿ ಮಾತಾಡಿಸಿದೆ. ತುಳುವಿನಲ್ಲೇ ಉತ್ತರ ಕೊಟ್ಟ, ಆದರೆ ಎಲ್ಲೋ ಸ್ವಲ್ಪ ಜಾರಿತು. 'ಊರು ಯಾವುದು?' ಅಂತ ಕನ್ನಡದಲ್ಲಿ ಕೇಳಿದೆ.

'ಹಾವೇರಿ ಕಡೆ ರೀ.'

ನನ್ನ ವಾದ ಅಲ್ಲೇ ಮುಲ್ಕಿ ಹೊಳೆಗೆ ಬಿತ್ತು. ಅವನ ಮನೆಯಲ್ಲಿ ಹುಟ್ಟಿನಿಂದಲೇ 'ಕೇಳ್ತೀನಿ'. ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಲ್ಲಿಗೆ ಬಂದು ನಾಲ್ಕು ವರ್ಷ ಆಯಿತಂತೆ. ತುಳು ಕಲಿತದ್ದು ಬಸ್ಸಿನಲ್ಲಿ.

'ಮತ್ತೆ ಈ ಹಾಡು ಎಲ್ಲಿ ಕಲಿತೆ?'

'ಇದೂ ಈ ಬಸ್ಸಿನಾಗ ರೀ. ಡ್ರೈವರಣ್ಣ ದಿನಾ ಹಾಕ್ತಾನ.'

ಡ್ರೈವರು ಪಡುಬಿದ್ರಿಯವರು, ನನ್ನ ಪ್ರಾಯದವರು. ಕನ್ನಡಿಯಲ್ಲಿ ನನ್ನನ್ನು ನೋಡಿ, 'ಎಂತ, ಬೇರೆ ಹಾಕಬೇಕಾ?' ಅಂದರು. ಬೇಡ, ಅದೇ ಇರಲಿ ಅಂದೆ.